ಪರದೇಶದಲ್ಲಿ ಬಾಳಿದ ಮೋಗ್ಲಿಂಗ್ ಅಯ್ಯನವರು

ವೇಣೂರಿನ ಬಳಿಯಲ್ಲಿ ಹರಿಯುವ ಫಲ್ಗುಣಿ ಹೊಳೆಯು ಮಂಗಳೂರಿನಲ್ಲಿ ಕಡಲನ್ನು ಕೂಡುತ್ತದೆ. ಆ ಪಟ್ಟಣಕ್ಕೆ 1836ರಲ್ಲಿ ಜರ್ಮನ್ ಸೀಮೆಯ ತರುಣರಾದ ಹೆರ್ಮನ್ ಮೋಗ್ಲಿಂಗ್ ಅಯ್ಯನವರು ಬಾಸೆಲ್ ಮಿಶನಿನ ಸೇವೆಗಾಗಿ ಬಂದರು. 1811ರಲ್ಲಿ ಬ್ರಾಕೆನ್‌ಹೈಮಿನಲ್ಲಿ ಹುಟ್ಟಿದ ಅವರಿಗೆ ಇಲ್ಲಿ ನೆಂಟರಿಷ್ಟರು ಯಾರೂ ಇರಲಿಲ್ಲ. ಆದರೂ ಕನ್ನಡವನ್ನು ತಮ್ಮದಾಗಿ ಮಾಡಿಕೊಂಡು, 1843ರಲ್ಲಿ ಮಂಗಳೂರ ಸಮಾಚಾರವೆಂಬ ಮೊದಲನೆಯ ಕನ್ನಡ ವರ್ತಮಾನಪತ್ರವನ್ನು ಹೊರಡಿಸಿದರು. ಬಸವಪುರಾಣ, ಜೈಮಿನಿ ಭಾರತ, ದಾಸರ ಪದಗಳು ಮೊದಲಾದವುಗಳನ್ನು ಅವರು ಅಚ್ಚುಹಾಕಿಸುವಾಗ, ನೀಲಗಿರಿಯಲ್ಲಿ ವಾಸವಾಗಿದ್ದ ನಿವೃತ್ತ ನ್ಯಾಯಾಧಿಪತಿ ಕಾಸಾಮೇಜರ್ ದೊರೆಗಳು ವೆಚ್ಚಕ್ಕೆ ಹಣಕೊಟ್ಟರು.

1852ರಲ್ಲಿ ಅಯ್ಯನವರು ದೇಹಾಲಸ್ಯದಿಂದ ಸ್ವದೇಶಕ್ಕೆ ಹೊರಡಲು ಸಿದ್ಧರಾಗಿದ್ದರು. ಆಗ ಕೊಡಗಿನ ಆಲ್ಮಂಡ ಸೋಮಯ್ಯನೆಂಬ ಅಪರಿಚಿತನು ಅವರನ್ನು ಅರಸಿ ಬಂದನು. ಅಯ್ಯನವರು ಹಡಗು ಹತ್ತುವುದನ್ನು ಬಿಟ್ಟು, ಅವನ ನಾಡಿಗೆ ಘಟ್ಟ ಹತ್ತಿದರು. ಸೋಮಯ್ಯನ ಮನೆಯೇ ಅಲ್ಲಿ ಅವರಿಗೆ ಆಸರೆಯಾಯಿತು. ಪರದೇಶಿಯನ್ನು ಒಳಗೆ ಕರೆದುದರ ನಿಮಿತ್ತ ಆ ಮನೆಯವನಿಗೆ ಸ್ವಜನರ ಕೋಪವೂ ಬಂತು. ಕೊಟ್ಟವನು ನಷ್ಟಪಟ್ಟು ಕೊಟ್ಟನೆಂಬುದನ್ನು ನಾವು ಮರೆಯಬಾರದು.

ಅಯ್ಯನವರು 1855ರಲ್ಲಿ ಕೊಡಗಿನ ವೃತ್ತಾಂತವನ್ನು ಇಂಗ್ಲಿಷಿನಲ್ಲಿ ಪ್ರಕಟಿಸಿದರು; 1858ರಲ್ಲಿ ಟ್ಯೂಬಿಂಗೆನ್ ವಿಶ್ವವಿದ್ಯಾಲಯವು ಅವರಿಗೆ ಡಾಕ್ಟರ್ ಪದವಿಯನ್ನಿತ್ತಿತು. 1860ರಲ್ಲಿ ಸ್ವದೇಶಕ್ಕೆ ಮರಳಿ, 1881ರಲ್ಲಿ ಎಸ್ಲಿಂಗೆನ್ನಿನಲ್ಲಿ ತೀರಿಹೋದರು.

ಪ್ರಿಯ ವಾಚಕರೇ, ಆ ಪದವಿಯ ಹೆಸರು ಪುಸ್ತಕಗಳಲ್ಲಿದೆ. ಬಾಗಿಲು ತೆರೆದವರ ಹೆಸರನ್ನು ಬಲ್ಲವರು ಕೆಲವರೇ. ಗುರುತಿಲ್ಲದವನೊಬ್ಬನು ನಮ್ಮ ಜಗಲಿಗೆ ಬಂದು ನಿಂತಾಗ ನಾವು ಸೋಮಯ್ಯನನ್ನು ನೆನೆಯೋಣ.