ಕಣ್ಣು ಕಿತ್ತ ಗೂಬೆ ಮತ್ತು ಎರಿಕ್ ಹಾಸ್ಕಿಂಗ್

ಮನೆಯ ಸಜ್ಜೆಯ ಮೇಲೋ ಅಪಾರ್ಟ್‌ಮೆಂಟಿನ ಪೈಪುಗಳ ಸಂದಿಯಲ್ಲೋ ಗೂಬೆ ಮರಿ ಮಾಡಿದೆ ಎಂದರೆ ನಮ್ಮಲ್ಲಿ ಎರಡು ಬಗೆಯ ಗಾಬರಿ ಶುರುವಾಗುತ್ತದೆ. ಒಂದು, ಮನೆಗೆ ಕೇಡು ಬರುತ್ತದೆ ಎಂಬುದು. ಇದಕ್ಕೆ ಯಾವ ಆಧಾರವೂ ಇಲ್ಲ, ಇಲ್ಲಿಗೇ ಬಿಟ್ಟುಬಿಡೋಣ. ಇನ್ನೊಂದು, ಹತ್ತಿರ ಹೋದರೆ ಗೂಬೆ ಕಣ್ಣು ಕೀಳುತ್ತದೆ ಎಂಬುದು. ಇದನ್ನು ಅಷ್ಟು ಸುಲಭವಾಗಿ ತಳ್ಳಿಹಾಕುವಂತಿಲ್ಲ. ಹಕ್ಕಿ ಛಾಯಾಗ್ರಹಣದಲ್ಲಿ ಜಗತ್ತಿನಾದ್ಯಂತ ಹೆಸರಾದ ಎರಿಕ್ ಹಾಸ್ಕಿಂಗ್ ಒಂದು ಕಣ್ಣು ಕಳೆದುಕೊಂಡದ್ದು ಗೂಬೆಯಿಂದಲೇ.

ಹಾಸ್ಕಿಂಗ್ ಹುಟ್ಟಿದ್ದು 1909ರ ಅಕ್ಟೋಬರ್ 2ರಂದು, ಲಂಡನ್ನಿನಲ್ಲಿ. ಚಿಕ್ಕಂದಿನಲ್ಲೇ ಕೈಗೆ ಬಂದದ್ದು ಕೊಡಕ್ ಕಂಪನಿಯ ಬಾಕ್ಸ್ ಬ್ರೌನಿ ಕ್ಯಾಮೆರಾ. ಹದಿಹರೆಯದಲ್ಲೇ ಶಾಲೆ ಬಿಟ್ಟು ಕೆಲಸಕ್ಕೆ ಸೇರಿದರು, ಆ ಕೆಲಸವೂ ಉಳಿಯಲಿಲ್ಲ. 1929ರ ಹೊತ್ತಿಗೆ ಫೋಟೊ ತೆಗೆದೇ ಹೊಟ್ಟೆ ಹೊರೆಯಲು ಹೊರಟರು. ಹಕ್ಕಿಗಳ ಚಿತ್ರ ತೆಗೆದು ಬದುಕುವುದು ಒಂದು ವೃತ್ತಿ ಎಂದು ಆಗ ಯಾರೂ ಎಣಿಸಿರಲಿಲ್ಲ. ಮದುವೆ, ಮಕ್ಕಳ ಚಿತ್ರಗಳನ್ನೂ ತೆಗೆಯುತ್ತ ಸಾಗಬೇಕಾಯಿತು.

ಆ ಕಾಲದ ಕ್ಯಾಮೆರಾ ಈಗಿನಂತಲ್ಲ. ಹಾಸ್ಕಿಂಗ್ ಬಳಸುತ್ತಿದ್ದ ಸ್ಯಾಂಡರ್ಸನ್ ಕ್ಯಾಮೆರಾದಲ್ಲಿ ಗಾಜಿನ ಫಲಕದ ಮೇಲೆ ಚಿತ್ರ ಮೂಡಬೇಕು. ಒಂದು ಚಿತ್ರಕ್ಕೆ ಒಂದು ಫಲಕ. ದೂರದಿಂದ ಹಿಡಿಯುವ ಉದ್ದನೆಯ ಲೆನ್ಸುಗಳು ಸುಲಭವಾಗಿ ಸಿಗುತ್ತಿರಲಿಲ್ಲ. ಹಾಗಾಗಿ ಹಕ್ಕಿಯ ಹತ್ತಿರಕ್ಕೆ ಹೋಗಲೇಬೇಕು, ಹಕ್ಕಿ ಒಂದೇ ಜಾಗಕ್ಕೆ ಮತ್ತೆ ಮತ್ತೆ ಬರುವುದು ಗೂಡಿಗೆ ಮಾತ್ರ.

ಇದಕ್ಕಾಗಿ ಬಳಸುತ್ತಿದ್ದ ಸಾಧನ ‘ಹೈಡ್’, ಅಂದರೆ ಬಟ್ಟೆ ಹೊದಿಸಿದ ಪುಟ್ಟ ಮರೆ. ಅದನ್ನು ಮೊದಲ ದಿನವೇ ಗೂಡಿನ ಪಕ್ಕ ನಿಲ್ಲಿಸಿದರೆ ಹಕ್ಕಿ ಗೂಡು ಬಿಟ್ಟು ಹೋದೀತು. ಮೊದಲು ದೂರದಲ್ಲಿ ನಿಲ್ಲಿಸಿ, ಹಕ್ಕಿ ಒಪ್ಪಿಕೊಂಡದ್ದನ್ನು ನೋಡಿ, ಹಲವು ದಿನಗಳಲ್ಲಿ ಸ್ವಲ್ಪ ಸ್ವಲ್ಪವೇ ಹತ್ತಿರ ತರಬೇಕು. ಮರದ ಮೇಲಿನ ಗೂಡಾದರೆ ಕಂಬಗಳ ಅಟ್ಟಣೆ ಕಟ್ಟಿ ಅದರ ಮೇಲೆ ಹೈಡ್ ಕೂರಿಸಬೇಕು. ಒಳಹೋಗುವಾಗ ಇಬ್ಬರು ಹೋಗುತ್ತಾರೆ, ಒಬ್ಬರು ಹೊರಬಂದು ಹಕ್ಕಿಗೆ ಕಾಣುವಂತೆ ನಡೆದುಹೋಗುತ್ತಾರೆ. ಬಂದವರು ಹೋದರು ಎಂದು ಬಹಳಷ್ಟು ಹಕ್ಕಿಗಳು ನಿರಾಳವಾಗುತ್ತವೆ. ಒಳಗೆ ಉಳಿದವರು ಗಂಟೆಗಟ್ಟಲೆ ಕೆಮ್ಮದೆ, ಕದಲದೆ ಕೂರಬೇಕು.

1937ರ ಮೇ ತಿಂಗಳಲ್ಲಿ ಹಾಸ್ಕಿಂಗ್ ವೇಲ್ಸ್‌ನ ಡೋಲ್ಡೌಲಾಡ್ ಎಂಬಲ್ಲಿ ಟಾನಿ ಗೂಬೆಯ ಗೂಡೊಂದರ ಚಿತ್ರ ತೆಗೆಯುತ್ತಿದ್ದರು. ಮರಿಗಳಿದ್ದ ಗೂಡು. ಕತ್ತಲಲ್ಲಿ ಎತ್ತರದ ಹೈಡ್‌ಗೆ ಹತ್ತುತ್ತಿದ್ದಾಗ ಮುಖಕ್ಕೆ ಬಲವಾದ ಏಟು ಬಿತ್ತು. ರೆಕ್ಕೆಯ ಸದ್ದು ಕೇಳಲಿಲ್ಲ, ಏನೂ ಕಾಣಲಿಲ್ಲ. ಗೂಬೆಯ ಉಗುರು ಎಡಗಣ್ಣಿನೊಳಗೆ ಇಳಿದಿತ್ತು.

ಸದ್ದು ಏಕೆ ಕೇಳಲಿಲ್ಲ? ಗೂಬೆಯ ರೆಕ್ಕೆಯ ಮುಂಚೂಣಿಯ ಗರಿಯ ಅಂಚಿನಲ್ಲಿ ಬಾಚಣಿಗೆಯಂಥ ಸಣ್ಣ ಹಲ್ಲುಗಳಿರುತ್ತವೆ, ಹಿಂದಿನ ಅಂಚಿನಲ್ಲಿ ಕುಚ್ಚು, ಮೇಲೆಲ್ಲ ಮಖಮಲ್ಲಿನಂಥ ನವಿರು. ಇವೆಲ್ಲ ಸೇರಿ ಗಾಳಿಯ ಸದ್ದನ್ನು ತಗ್ಗಿಸುತ್ತವೆ. ಇಲಿಗೆ ಸುಳಿವು ಕೊಡದೆ ಹಿಡಿಯಲೆಂದು ಬಂದ ಈ ಗುಣವೇ ಮನುಷ್ಯನಿಗೂ ಸುಳಿವು ಕೊಡುವುದಿಲ್ಲ. ಇನ್ನು ದ್ವೇಷದ ಮಾತು. ಟಾನಿ ಗೂಬೆ ಮನುಷ್ಯರನ್ನು ಹುಡುಕಿಕೊಂಡು ಬಂದು ಹೊಡೆಯುವ ಹಕ್ಕಿಯಲ್ಲ. ಮರಿ ಇರುವ ಕೆಲವು ವಾರಗಳಲ್ಲಿ, ಗೂಡಿನ ಬಳಿಗೆ ಹತ್ತಿ ಬರುವ ಯಾವುದನ್ನಾದರೂ ಓಡಿಸುತ್ತದೆ, ಅಷ್ಟೆ. ಕಣ್ಣೇ ಗುರಿ ಎನ್ನುವುದಕ್ಕಿಂತ, ಹತ್ತಿ ಬರುವವರ ತಲೆ ಮೊದಲು ಕೈಗೆ ಸಿಗುತ್ತದೆ ಎನ್ನುವುದು ಸರಿ.

ಲಂಡನ್ನಿನ ಮೂರ್‌ಫೀಲ್ಡ್ಸ್ ಕಣ್ಣಿನ ಆಸ್ಪತ್ರೆಯಲ್ಲಿ ಚಿಕಿತ್ಸೆಯಾಯಿತು. ಗಾಯಕ್ಕೆ ಸೋಂಕು ತಗುಲಿತು. ಪೆನಿಸಿಲಿನ್ 1928ರಲ್ಲೇ ಕಂಡುಬಂದಿದ್ದರೂ ಔಷಧವಾಗಿ ರೋಗಿಗಳಿಗೆ ಸಿಕ್ಕಿದ್ದು 1940ರ ದಶಕದಲ್ಲಿ. ಇಂಥ ಗಾಯಗಳಲ್ಲಿ ಇನ್ನೊಂದು ಕಣ್ಣಿನ ಚಿಂತೆಯೂ ಇರುತ್ತದೆ. ಕಣ್ಣುಗುಡ್ಡೆಗೆ ತೂತು ಬೀಳುವ ಗಾಯವಾದಾಗ ಅಪರೂಪಕ್ಕೆ ನಮ್ಮದೇ ರೋಗನಿರೋಧಕ ವ್ಯವಸ್ಥೆ ಗಾಯವಾಗದ ಕಣ್ಣಿನ ಮೇಲೂ ತಿರುಗಿಬೀಳುತ್ತದೆ. ಬ್ರೈಲ್ ಲಿಪಿ ರೂಪಿಸಿದ ಲೂಯಿ ಬ್ರೈಲ್ ಮಗುವಾಗಿದ್ದಾಗ ಒಂದು ಕಣ್ಣಿಗೆ ಪೆಟ್ಟು ಮಾಡಿಕೊಂಡು ಎರಡನ್ನೂ ಕಳೆದುಕೊಂಡದ್ದು ಬಹುಶಃ ಹೀಗೆಯೇ. ಇದನ್ನು ಹತೋಟಿಗೆ ತರುವ ಸ್ಟೀರಾಯ್ಡ್ ಔಷಧಗಳು ಆಗ ಇರಲಿಲ್ಲ. ಕೆಟ್ಟ ಕಣ್ಣನ್ನು ತೆಗೆದುಹಾಕುವುದೇ ಸುರಕ್ಷಿತ ದಾರಿಯಾಗಿತ್ತು. ಹಾಸ್ಕಿಂಗ್ ಅವರ ಎಡಗಣ್ಣನ್ನು ತೆಗೆದರು. ಆಗ ಅವರಿಗೆ 27 ವರ್ಷ.

ಒಂದೇ ಕಣ್ಣಿದ್ದರೆ ದೂರ ಅಳೆಯುವುದು ಕಷ್ಟ, ಲೋಟಕ್ಕೆ ನೀರು ಸುರಿಯುವಾಗಲೂ ತಪ್ಪುತ್ತದೆ. ನಿಧಾನವಾಗಿ ಮಿದುಳು ನೆರಳು, ಗಾತ್ರ, ತಲೆಯ ಅಲುಗಾಟಗಳಿಂದ ಅಂದಾಜು ಕಟ್ಟುವುದನ್ನು ಕಲಿಯುತ್ತದೆ. ಹಾಸ್ಕಿಂಗ್ ಕಲಿತರು. ಪತ್ರಿಕೆಗಳು ಈ ಸುದ್ದಿಯನ್ನು ಹೊತ್ತು ತಿರುಗಿದ್ದರಿಂದ ಅವರ ಹೆಸರು ಮನೆಮಾತಾಯಿತು. ಅವರು ಮತ್ತೆ ಗೂಬೆಗಳ ಬಳಿಗೇ ಹೋದರು, ಈ ಬಾರಿ ಕತ್ತಿವರಸೆಯವರ ಜಾಲರಿ ಮುಖವಾಡ ತೊಟ್ಟು. 1945ರಲ್ಲಿ ಸಿರಿಲ್ ನ್ಯೂಬೆರಿ ಅವರ ಜೊತೆ ಇರುಳ ಹಕ್ಕಿಗಳ ಬಗ್ಗೆಯೇ ಒಂದು ಪುಸ್ತಕ ತಂದರು. ಮುಂದೆ 1970ರಲ್ಲಿ ಬಂದ ಆತ್ಮಕಥೆಗೆ ‘ಆ್ಯನ್ ಐ ಫಾರ್ ಎ ಬರ್ಡ್’ ಎಂದು ಹೆಸರಿಟ್ಟರು. ಹಕ್ಕಿಯನ್ನು ಗುರುತಿಸುವ ಕಣ್ಣು ಎಂದೂ ಆಗುತ್ತದೆ, ಹಕ್ಕಿಗೆ ತೆತ್ತ ಕಣ್ಣು ಎಂದೂ ಆಗುತ್ತದೆ.

ಅವರ ದೊಡ್ಡ ಕೆಲಸ ಬೆಳಕಿನದು. ಹಳೆಯ ಫ್ಲಾಶ್ ಬಲ್ಬು ಒಮ್ಮೆ ಉರಿದರೆ ಮುಗಿಯಿತು, ಮೇಲಾಗಿ ಆ ಬೆಳಕು ರೆಕ್ಕೆಯ ಬಡಿತಕ್ಕಿಂತ ನಿಧಾನ. ಹಾರುವ ಗೂಬೆ ಮಸುಕಾಗಿ ಬರುತ್ತಿತ್ತು. ಯುದ್ಧ ಮುಗಿದ ಮೇಲೆ ಹಾಸ್ಕಿಂಗ್ ಎಲೆಕ್ಟ್ರಾನಿಕ್ ಫ್ಲಾಶನ್ನು ಹಕ್ಕಿಗಳಿಗೆ ಬಳಸಿದ ಮೊದಲಿಗರಲ್ಲಿ ಒಬ್ಬರಾದರು. ಸೆಕೆಂಡಿನ ಸಾವಿರಾರನೆಯ ಒಂದು ಭಾಗದಷ್ಟು ಹೊತ್ತಿನ ಬೆಳಕು. 1948ರಲ್ಲಿ ಆ ಬೆಳಕಿನಲ್ಲಿ ಒಂದು ಕಣಜ ಗೂಬೆ ಸಿಕ್ಕಿತು: ಕೊಕ್ಕಿನಲ್ಲಿ ಇಲಿಯಂಥ ವೋಲ್, ಎರಡೂ ರೆಕ್ಕೆ ಸಮನಾಗಿ ಮೇಲೆದ್ದು ರಾಜಲಾಂಛನದಂತೆ. ನಮ್ಮ ದೃಷ್ಟಿಯಲ್ಲಿ ಅವರ ಅತ್ಯುತ್ತಮ ಚಿತ್ರ ಅದು.

ಫ್ಲಾಶಿನಿಂದ ಗೂಬೆ ಕುರುಡಾಗುತ್ತದೆಯೇ? ಒಂದು ಮಿಂಚಿಗೆ ಶಾಶ್ವತವಾಗಿ ಕುರುಡಾಗುತ್ತದೆ ಎನ್ನಲು ಪುರಾವೆಯಿಲ್ಲ. ಆದರೆ ಕತ್ತಲಿಗೆ ಹೊಂದಿಕೊಂಡ ಕಣ್ಣಿಗೆ ಕೆಲಹೊತ್ತು ಮಂಕು ಕವಿಯಬಹುದು. ಅದಕ್ಕಿಂತ ದೊಡ್ಡ ಅಪಾಯ ನಮ್ಮ ಓಡಾಟ. ಮೊಟ್ಟೆಗೆ ಕಾವು ಕೊಡುವಾಗ ಪದೇಪದೇ ಹತ್ತಿರ ಹೋದರೆ ತಾಯಿ ಗೂಡು ತೊರೆಯಬಹುದು. ಬ್ರಿಟನ್ನಿನಲ್ಲಿ 1967ರ ಕಾಯ್ದೆಯ ನಂತರ ಅಪರೂಪದ ಹಕ್ಕಿಗಳ ಗೂಡಿನ ಬಳಿ ಚಿತ್ರ ತೆಗೆಯಲು ಪರವಾನಗಿ ಬೇಕಾಯಿತು. ನಮ್ಮ 1972ರ ವನ್ಯಜೀವಿ ಕಾಯ್ದೆ ‘ಬೇಟೆ’ ಎಂಬ ಪದದ ಅರ್ಥದಲ್ಲೇ ಕಾಡುಹಕ್ಕಿಗಳ ಮೊಟ್ಟೆ, ಗೂಡುಗಳನ್ನು ಕೆದಕುವುದನ್ನೂ ಸೇರಿಸಿದೆ. ನಿಮ್ಮ ಸಜ್ಜೆಯ ಕಣಜ ಗೂಬೆಗೂ ಇದು ಅನ್ವಯಿಸುತ್ತದೆ. ಅದು ಕಡ್ಡಿ ತಂದು ಗೂಡು ಕಟ್ಟುವುದಿಲ್ಲ, ಬರಿನೆಲದ ಮೇಲೇ ಮೊಟ್ಟೆ ಇಡುತ್ತದೆ. ಹಾಗಾಗಿ ಹುಲ್ಲು ಹಾಸಿ ಸಹಾಯ ಮಾಡುವ ಅಗತ್ಯವಿಲ್ಲ, ಮಾಂಸದ ಚೂರು ಹಾಕುವುದೂ ಬೇಡ. ಕಿಟಕಿ ಮುಚ್ಚಿಟ್ಟು, ಪಟಾಕಿ, ಪೇಂಟಿಂಗ್ ಕೆಲಸವನ್ನು ಎರಡು-ಮೂರು ತಿಂಗಳು ಮುಂದೂಡಿದರೆ ಅದೇ ದೊಡ್ಡ ಉಪಕಾರ. ಮರಿ ಕೆಳಗೆ ಬಿದ್ದಿದ್ದರೆ? ಮನುಷ್ಯರು ಮುಟ್ಟಿದ ಮರಿಯನ್ನು ತಾಯಿ ಸೇರಿಸುವುದಿಲ್ಲ ಎಂಬುದು ಸುಳ್ಳು. ಗಾಯವಿಲ್ಲದಿದ್ದರೆ ದಪ್ಪ ಬಟ್ಟೆಯಲ್ಲಿ ಹಿಡಿದು ಬಿದ್ದ ಜಾಗಕ್ಕೇ ಮರಳಿಸಬಹುದು, ತಾಯಿ ಹತ್ತಿರದಲ್ಲೇ ಇರಬಹುದೆಂಬ ಎಚ್ಚರದಲ್ಲಿ. ಗಾಯವಾಗಿದ್ದರೆ ಅರಣ್ಯ ಇಲಾಖೆಗೋ ಹಕ್ಕಿ ರಕ್ಷಣಾ ಕೇಂದ್ರಕ್ಕೋ ತಿಳಿಸಿ.

1950ರ ದಶಕದಲ್ಲಿ ಗೈ ಮೌಂಟ್‌ಫರ್ಟ್ ನೇತೃತ್ವದ ತಂಡದ ಜೊತೆ ಹಾಸ್ಕಿಂಗ್ ಸ್ಪೇನಿನ ಡೊನ್ಯಾನಾ ಜೌಗಿಗೆ ಹೋದರು. ಎತ್ತರದ ಅಟ್ಟಣೆಗಳಲ್ಲಿ ಕೂತು ಅಪರೂಪದ ಸ್ಪ್ಯಾನಿಷ್ ಇಂಪೀರಿಯಲ್ ಹದ್ದಿನ ಗೂಡಿನ ಚಿತ್ರ ತೆಗೆದರು. 1958ರಲ್ಲಿ ಮೌಂಟ್‌ಫರ್ಟ್ ಬರೆದ ಪುಸ್ತಕದಲ್ಲಿ ಆ ಚಿತ್ರಗಳು ಬಂದವು. ಡೊನ್ಯಾನಾ 1969ರಲ್ಲಿ ರಾಷ್ಟ್ರೀಯ ಉದ್ಯಾನವಾಯಿತು. ಜೋರ್ಡಾನ್, ಪಾಕಿಸ್ತಾನಗಳ ಯಾತ್ರೆಗಳೂ ಹೀಗೇ ನಡೆದವು. 1977ರಲ್ಲಿ ಬ್ರಿಟಿಷ್ ಸರ್ಕಾರದ ಓ.ಬಿ.ಇ. ಗೌರವ ಸಿಕ್ಕಿತು. 1991ರ ಫೆಬ್ರುವರಿ 22ರಂದು, 81ನೇ ವಯಸ್ಸಿನಲ್ಲಿ ತೀರಿಕೊಳ್ಳುವ ಹೊತ್ತಿಗೆ ಆರು ದಶಕಗಳ ಹಕ್ಕಿಚಿತ್ರಗಳು ಅವರ ಸಂಗ್ರಹದಲ್ಲಿದ್ದವು, ಅವುಗಳಲ್ಲಿ ಹೆಚ್ಚಿನವನ್ನು ಅವರು ತೆಗೆದದ್ದು ಬಲಗಣ್ಣೊಂದರಿಂದಲೇ.