ನಪಾಸಾದವರನ್ನು ನೆಚ್ಚಿದ ಲಕ್ಷ್ಮಣರಾವ್

ನಮ್ಮ ಕಡೆ ಹೊಲದ ಬಾವಿಯ ಮೇಲೆ ಕೂತ ಪಂಪು ಯಾವ ಕಂಪನಿಯದೇ ಇರಲಿ, ಹಳಬರು ಅದನ್ನು ಕಿರ್ಲೋಸ್ಕರ್ ಎಂದೇ ಕರೆಯುತ್ತಾರೆ. ಆ ಹೆಸರಿನ ಮನುಷ್ಯ ಯಾವ ಊರಿನವರು ಎಂದು ಕ್ಲಾಸಿನಲ್ಲಿ ಕೇಳಿದೆ. ಹೆಚ್ಚಿನವರು ಪುಣೆ ಎಂದರು. ಮೆಕ್ಯಾನಿಕಲ್ ಓದುವ ನಮಗೇ ಗೊತ್ತಿಲ್ಲ! ಲಕ್ಷ್ಮಣರಾವ್ ಕಿರ್ಲೋಸ್ಕರ್ ಹುಟ್ಟಿದ್ದು ನಮ್ಮ ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ, 1869ರ ಜೂನ್ 20ರಂದು. ಮನೆಮಾತು ಮರಾಠಿ.

ಶಾಲೆಯ ಪಾಠ ಅವರಿಗೆ ಅಷ್ಟಾಗಿ ಹಿಡಿಸಲಿಲ್ಲ. ಚಿತ್ರ ಬರೆಯುವುದು, ಯಂತ್ರಗಳನ್ನು ಕೆದಕುವುದು ಇಷ್ಟ. ತಂದೆಗೆ ಇದು ಒಪ್ಪಿಗೆಯಾಗಲಿಲ್ಲ, ಅಣ್ಣ ರಾಮಣ್ಣ ಬೆನ್ನಿಗೆ ನಿಂತರು. ಮುಂಬೈನ ಜೆ.ಜೆ. ಸ್ಕೂಲ್ ಆಫ್ ಆರ್ಟ್ ಸೇರಿದರು. ಅಲ್ಲಿ ಒಂದು ಕಹಿ ಸತ್ಯ ಗೊತ್ತಾಯಿತು: ಅವರಿಗೆ ಭಾಗಶಃ ಬಣ್ಣಗುರುಡು. ಚಿತ್ರಕಾರನಾಗುವ ಆಸೆ ಅಲ್ಲಿಗೇ ಮುಗಿಯಿತು. ಆದರೆ ಯಂತ್ರದ ನಕ್ಷೆಗೆ ಬಣ್ಣ ಬೇಕಿಲ್ಲವಲ್ಲ! ಮೆಕ್ಯಾನಿಕಲ್ ಡ್ರಾಯಿಂಗ್ ಕಲಿತು ಅಲ್ಲಿನ ವಿಕ್ಟೋರಿಯಾ ಜುಬಿಲಿ ತಾಂತ್ರಿಕ ಸಂಸ್ಥೆಯಲ್ಲಿ ಸಹಾಯಕ ಅಧ್ಯಾಪಕರಾದರು. ವರ್ಷಗಳ ಮೇಲೆ ಬಡ್ತಿಯ ಸರದಿ ಬಂದಾಗ ಅದು ಒಬ್ಬ ಆಂಗ್ಲೋ ಇಂಡಿಯನ್‌ಗೆ ಹೋಯಿತು. ಲಕ್ಷ್ಮಣರಾವ್ ಕೆಲಸ ಬಿಟ್ಟು ಬೆಳಗಾವಿಗೆ ಬಂದರು.

ಕೈಯಲ್ಲಿ ಏನೂ ಇಲ್ಲದೆ ಬಂದರೆನ್ನುವಂತಿಲ್ಲ. ಮುಂಬೈನಲ್ಲಿದ್ದಾಗಲೇ ಸೈಕಲ್ ಕೊಂಡು ಬೆಳಗಾವಿಗೆ ಕಳಿಸುತ್ತಿದ್ದರು, ರಾಮಣ್ಣ ಅವನ್ನು ಮಾರುತ್ತಿದ್ದರು. ಸೈಕಲ್ ಎಂದರೆ ಜನ ನಿಂತು ನೋಡುವ ಕಾಲ. ತುಳಿಯಲು ಕಲಿಸುವುದಕ್ಕೂ 15 ರೂಪಾಯಿ ಶುಲ್ಕವಿತ್ತು. ಅವರ ಅಂಗಡಿಯಿದ್ದ ರಸ್ತೆಗೆ ಇಂದಿಗೂ ಕಿರ್ಲೋಸ್ಕರ್ ರಸ್ತೆ ಎಂದೇ ಹೆಸರು. ಸಂಜೆ ಅಲ್ಲಿ ಬಟ್ಟೆ ಕೊಳ್ಳಲು ಬರುವವರಲ್ಲಿ ಎಷ್ಟು ಜನ ಆ ಸೈಕಲ್ ಅಂಗಡಿಯನ್ನು ನೆನೆಯುತ್ತಾರೋ.

ಮಾರುವುದು ಬೇರೆ, ಮಾಡುವುದು ಬೇರೆ. ಅವರಿಗೆ ಮಾಡಬೇಕಿತ್ತು. ಮೇವು ಕತ್ತರಿಸುವ ಯಂತ್ರ ಮಾಡಿದರು, ಆಮೇಲೆ ಕಬ್ಬಿಣದ ರೆಂಟೆ. ಕಬ್ಬಿಣ ತಾಗಿದರೆ ಭೂಮಿಗೆ ವಿಷ ಏರುತ್ತದೆ ಎಂದು ರೈತರು ಹತ್ತಿರ ಸುಳಿಯಲಿಲ್ಲ. ಮೊದಲ ರೆಂಟೆ ಮಾರಲು ಎರಡು ವರ್ಷ ಹಿಡಿಯಿತಂತೆ. ಈ ಕತೆ ಹೇಳುವವರೆಲ್ಲ ಇದನ್ನು ಮೂಢನಂಬಿಕೆ ಎಂದು ಮುಂದೆ ಹೋಗಿಬಿಡುತ್ತಾರೆ. ರೈತನ ಮನೆಯಲ್ಲಿ ಹುಟ್ಟಿದ ನನಗೆ ಹಾಗೆ ಅನ್ನಿಸುವುದಿಲ್ಲ. ಕಟ್ಟಿಗೆಯ ರೆಂಟೆ ಮುರಿದರೆ ಊರ ಬಡಿಗ ಅಂದೇ ರಿಪೇರಿ ಮಾಡುತ್ತಿದ್ದ, ಸುಗ್ಗಿಯಲ್ಲಿ ಕಾಳು ಅಳೆದರೆ ಸಾಕಿತ್ತು. ಕಬ್ಬಿಣದ್ದು ಮುರಿದರೆ ಹದ ಆರುವ ಮೊದಲು ಯಾರ ಹತ್ತಿರ ಹೋಗಬೇಕು? ಮಳೆ ಕಾಯುವುದಿಲ್ಲ. ಆ ಅನುಮಾನದಲ್ಲಿ ಲೆಕ್ಕಾಚಾರವೂ ಇದ್ದಿರಬೇಕು. ಅದೇನೇ ಇರಲಿ, ಎರಡು ವರ್ಷ ವ್ಯಾಪಾರವಿಲ್ಲದೆ ಲಕ್ಷ್ಮಣರಾವ್ ರೆಂಟೆಯ ಕೆಲಸ ಬಿಡಲಿಲ್ಲ ಎಂಬುದು ದೊಡ್ಡದು.

ವ್ಯಾಪಾರ ಕುದುರುವಷ್ಟರಲ್ಲಿ ಇನ್ನೊಂದು ಪೆಟ್ಟು. ಪುರಸಭೆಯ ಕಾರಣದಿಂದ ಬೆಳಗಾವಿಯ ಜಾಗ ಬಿಡಬೇಕಾಯಿತು. ಆಗ ಕೈ ಹಿಡಿದವರು ಔಂಧ್ ಸಂಸ್ಥಾನದ ರಾಜ ಬಾಳಾಸಾಹೇಬ್ ಪಂತ ಪ್ರತಿನಿಧಿ. 10,000 ರೂಪಾಯಿ ಸಾಲ ಸಿಕ್ಕಿತು, ಕುಂಡಲ್ ರೋಡ್ ಎಂಬ ಸಣ್ಣ ರೈಲು ನಿಲ್ದಾಣದ ಬಳಿ 32 ಎಕರೆ ಜಮೀನೂ ಸಿಕ್ಕಿತು. ಜಮೀನೆಂದರೆ ಪಾಪಾಸುಕಳ್ಳಿ, ನಾಗರಹಾವು ತುಂಬಿದ ಬರಡು ನೆಲ. 1910ರಲ್ಲಿ 25 ಜನ ಕೆಲಸಗಾರರು, ಅವರ ಕುಟುಂಬಗಳೊಂದಿಗೆ ಅಲ್ಲಿಗೆ ಹೋದರು. ಅದೇ ಕಿರ್ಲೋಸ್ಕರವಾಡಿ, ಇಂದಿನ ಸಾಂಗ್ಲಿ ಜಿಲ್ಲೆಯಲ್ಲಿದೆ.

ನಾನು ಈ ಲೇಖನ ಬರೆಯಲು ಕಾರಣ ಆ ವಾಡಿಗೆ ಹೋದವರ ಪಟ್ಟಿ. ಕೆ.ಕೆ. ಕುಲಕರ್ಣಿ ಎಂಬುವರು ಓದಿನಲ್ಲಿ ನಪಾಸಾದವರು. ಇಲ್ಲಿ ಮ್ಯಾನೇಜರ್, ವಕೀಲ, ಜಾಹೀರಾತುಗಾರ, ಊರೂರು ಸುತ್ತುವ ಏಜೆಂಟ್ ಎಲ್ಲವೂ ಅವರೇ. ಅನಂತರಾವ್ ಫಳಣೀಕರ್ ಶಾಲೆ ಬಿಟ್ಟವರು, ಇಲ್ಲಿ ಹೊಸದನ್ನು ಕಲ್ಪಿಸಬಲ್ಲ ಎಂಜಿನಿಯರ್ ಆದರು. ಮಂಗೇಶರಾವ್ ರೇಗೆ ಗುಮಾಸ್ತರೂ ಹೌದು, ಮುಖ್ಯ ಲೆಕ್ಕಿಗರೂ ಹೌದು. ಊರು ಕಟ್ಟುವ ಯೋಜನೆ, ಆಡಳಿತ ಅಣ್ಣ ರಾಮಣ್ಣನದು. ಇನ್ನು ರಾತ್ರಿ ಕಾವಲು? ತುಕಾರಾಮ್ ರಾಮೋಶಿ ಮತ್ತು ಪಿರ್ಯಾ ಮಾಂಗ್. ಇಬ್ಬರೂ ದರೋಡೆಗೆ ಶಿಕ್ಷೆಯಾದವರು. ಕೆಲವು ಸಮುದಾಯಗಳನ್ನೇ ಹುಟ್ಟಿನಿಂದ ಅಪರಾಧಿಗಳೆಂದು ಸರ್ಕಾರ ಕಾಯ್ದೆ ಮಾಡಿ ಪಟ್ಟಿ ಮಾಡಿದ್ದ ಕಾಲದಲ್ಲಿ, ಈ ಮನುಷ್ಯ ಅವರ ಕೈಗೆ ಊರಿನ ಕಾವಲು ಕೊಟ್ಟರು. ಅವರು ನಂಬಿಕೆ ಕೆಡಿಸಲಿಲ್ಲ. ವಾಡಿಯಲ್ಲಿ ಅಸ್ಪೃಶ್ಯತೆಯನ್ನೂ ಲಕ್ಷ್ಮಣರಾವ್ ನಿಷೇಧಿಸಿದ್ದರು.

ಮುಂದಿನ ವರ್ಷ ನಮಗೆ ಕ್ಯಾಂಪಸ್ ಸಂದರ್ಶನ. ಎಲ್ಲ ಸೆಮಿಸ್ಟರ್‌ನಲ್ಲೂ ಶೇ 60, ಬ್ಯಾಕ್‌ಲಾಗ್ ಇರಕೂಡದು ಎನ್ನುವ ಕಂಪನಿಗಳೇ ಹೆಚ್ಚು ಎಂದು ಸೀನಿಯರ್‌ಗಳು ಹೇಳುತ್ತಾರೆ. ನನ್ನ ರೂಮ್‌ಮೇಟ್‌ಗೆ ಎರಡು ಬ್ಯಾಕ್‌ಲಾಗ್ ಇವೆ, ಎರಡೂ ಗಣಿತ. ರಜೆಯಲ್ಲಿ ಊರಿಗೆ ಹೋದರೆ ಸುಟ್ಟ ಮೋಟರ್ ಬಿಚ್ಚಿ ವೈಂಡಿಂಗ್ ಮಾಡುತ್ತಾನೆ, ಸದ್ದು ಕೇಳಿಯೇ ಬೇರಿಂಗ್ ಹೋಗಿದೆ ಎನ್ನುತ್ತಾನೆ. ಅವನ ಅರ್ಜಿಯನ್ನು ಕಂಪ್ಯೂಟರೇ ಬದಿಗಿಡುತ್ತದೆ, ಮನುಷ್ಯರ ಕಣ್ಣಿಗೆ ಬೀಳುವುದೇ ಇಲ್ಲ.

ಸಾವಿರಾರು ಅರ್ಜಿ ಬಂದಾಗ ಕಂಪನಿ ಇನ್ನೇನು ಮಾಡಬೇಕು ಎಂದು ಕೇಳಬಹುದು. ನ್ಯಾಯವಾದ ಪ್ರಶ್ನೆಯೇ. ಲಕ್ಷ್ಮಣರಾವ್ ಎದುರು ಸಾವಿರಾರು ಅರ್ಜಿ ಇರಲಿಲ್ಲ. ಕಳ್ಳಿ ಕಡಿಯಲು ಬರುವವರು ಎಷ್ಟು ಜನ ಸಿಕ್ಕಾರು? ಸಿಕ್ಕವರಲ್ಲೇ ಗುಣ ಹುಡುಕುವುದು ಅವರಿಗೆ ಅನಿವಾರ್ಯವೂ ಆಗಿತ್ತು. ಆದರೆ ಅನಿವಾರ್ಯಕ್ಕೆ ಸಿಕ್ಕವರನ್ನು ಕೂಲಿಯಲ್ಲೇ ಇಡಬಹುದಿತ್ತು, ಅವರು ಇಡಲಿಲ್ಲ. ಅದೇ ಊರಲ್ಲಿ ವಾಸ, ದಿನವೂ ಅವರ ಕೆಲಸ ಕಣ್ಣೆದುರು. ಯಾರ ಕೈ ಎಲ್ಲಿ ಓಡುತ್ತದೆ ಎಂದು ಕಾಣಲು ಅಂಕಪಟ್ಟಿ ಬೇಕಾಗಲಿಲ್ಲ. ಐದನೇ ಸೆಮಿಸ್ಟರ್‌ನ ಮ್ಯಾನೇಜ್‌ಮೆಂಟ್ ಪಾಠದಲ್ಲಿ ಮೊದಲು ಹುದ್ದೆ, ಆಮೇಲೆ ಅದಕ್ಕೆ ತಕ್ಕ ವ್ಯಕ್ತಿ ಎಂದು ಓದುತ್ತೇವೆ. ವಾಡಿಯಲ್ಲಿ ಅದು ತಿರುವುಮುರುವಾಗಿತ್ತು.

ಮೊದಲ ಮಹಾಯುದ್ಧ ಬಂದಾಗ ಕಬ್ಬಿಣ, ಕಲ್ಲಿದ್ದಲು, ಬಣ್ಣ ಸಿಗದೆ ಪರದಾಟವಾಯಿತು. ಅದನ್ನೂ ದಾಟಿದರು. 1926ರ ಹೊತ್ತಿಗೆ ಅಲ್ಲಿ ಸೆಂಟ್ರಿಫ್ಯೂಗಲ್ ಪಂಪು ತಯಾರಾಯಿತು. ಮಗ ಶಂತನುರಾವ್ ಅಮೆರಿಕದ ಎಂಐಟಿಯಲ್ಲಿ ಎಂಜಿನಿಯರಿಂಗ್ ಓದಿ ಬಂದರು. 1941ರಲ್ಲಿ ಹರಿಹರದಲ್ಲಿ ಲೇತ್ ಮಾಡುವ ಮೈಸೂರು ಕಿರ್ಲೋಸ್ಕರ್, 1946ರಲ್ಲಿ ಬೆಂಗಳೂರಿನಲ್ಲಿ ಮೋಟರಿನ ಕಿರ್ಲೋಸ್ಕರ್ ಎಲೆಕ್ಟ್ರಿಕ್ ಶುರುವಾದವು. ಬೆಳಗಾವಿ ಬಿಟ್ಟು ಹೋದ ಹೆಸರು ಬೇರೆ ದಾರಿಯಿಂದ ಕನ್ನಡನಾಡಿಗೆ ಮರಳಿತು.

1956ರ ಸೆಪ್ಟೆಂಬರ್ 26ರಂದು ಲಕ್ಷ್ಮಣರಾವ್ ತೀರಿಕೊಂಡರು. ಆಗ ಅವರಿಗೆ 87 ವರ್ಷ. ಮಿರಜ್ ದಾಟಿ ಪುಣೆ ಕಡೆಗೆ ಹೋಗುವ ರೈಲಿನಲ್ಲಿ ಕೂತರೆ ಆ ಹಳೆಯ ಕುಂಡಲ್ ರೋಡ್ ನಿಲ್ದಾಣ ಸಿಗುತ್ತದೆ. ಫಲಕದ ಮೇಲೆ ಈಗ ಕಿರ್ಲೋಸ್ಕರವಾಡಿ ಎಂದಿದೆ.