ರಾಜಾ ರವಿವರ್ಮ: ಬಣ್ಣದಲ್ಲಿ ಉಳಿದ ಉಡುಗೆ ತೊಡುಗೆ



ಮೈಸೂರಿನ ಜಗನ್ಮೋಹನ ಅರಮನೆಯ ಚಿತ್ರಶಾಲೆಗೆ ಹೋದ ನಮ್ಮಲ್ಲಿ ಹೆಚ್ಚಿನವರು ಮೊದಲು ಹುಡುಕುವುದು ದೀಪ ಹಿಡಿದ ಹೆಣ್ಣಿನ ಚಿತ್ರವನ್ನು. ಅದು ರವಿವರ್ಮರದೆಂದೇ ಹಲವರ ನಂಬಿಕೆ. ಆದರೆ ಬರೆದವರು ಸಾವಂತವಾಡಿ ಮೂಲದ ಎಸ್. ಎಲ್. ಹಲ್ದಣಕರ್. ರವಿವರ್ಮರ ಕೈಯದು ನೋಡಬೇಕೆಂದರೆ ಅದೇ ಸಂಗ್ರಹದಲ್ಲಿರುವ 1889ರ ವಾದ್ಯಗೋಷ್ಠಿಯ ಚಿತ್ರದ ಮುಂದೆ ನಿಲ್ಲಬೇಕು. ಹನ್ನೊಂದು ಮಂದಿ ಹೆಂಗಸರು ಅದರಲ್ಲಿ ಒಟ್ಟಿಗೆ ಸೇರಿದ್ದಾರೆ. ಮುಂಡು ಉಟ್ಟು ವೀಣೆ ಹಿಡಿದ ನಾಯರ್ ಹೆಣ್ಣುಮಗಳು, ಕಚ್ಚೆ ಸೀರೆಯ ಮರಾಠಿ ಹೆಂಗಸು, ಮುಸ್ಲಿಂ ಕಲಾವಿದೆ, ಪಾರ್ಸಿ ಮಹಿಳೆ, ಹೀಗೆ ಬೇರೆ ಬೇರೆ ಸೀಮೆಯ ಉಡುಗೆಗಳು ಒಂದೇ ಚೌಕಟ್ಟಿನಲ್ಲಿವೆ.

ರವಿವರ್ಮರು ಹುಟ್ಟಿದ್ದು 1848ರ ಏಪ್ರಿಲ್ 29ರಂದು, ತಿರುವಾಂಕೂರಿನ ಕಿಳಿಮಾನೂರಿನಲ್ಲಿ. ಚಿತ್ರದ ಮೊದಲ ಪಾಠ ಸೋದರಮಾವ ರಾಜರಾಜ ವರ್ಮರಿಂದ. ಹುಡುಗನ ಕೈಚಳಕ ಕಂಡ ಮಹಾರಾಜ ಆಯಿಲ್ಯಂ ತಿರುನಾಳ್ ತಿರುವನಂತಪುರದಲ್ಲಿ ಆಶ್ರಯ ಕೊಟ್ಟರು. ಎಣ್ಣೆಬಣ್ಣದ ಗುಟ್ಟು ಮಾತ್ರ ಸುಲಭವಾಗಿ ಸಿಗಲಿಲ್ಲ. ಅರಮನೆಗೆ ಬಂದಿದ್ದ ಥಿಯೋಡೋರ್ ಜೆನ್ಸನ್ ಎಂಬ ಯುರೋಪಿನ ಕಲಾವಿದನಿಗೆ ಕಲಿಸುವ ಮನಸ್ಸಿರಲಿಲ್ಲ. ಆತ ಕೆಲಸ ಮಾಡುವುದನ್ನು ನೋಡಿ, ತಾವೇ ಮಾಡಿ ತಿದ್ದಿಕೊಂಡು ರವಿವರ್ಮರು ಕಲಿತರು.

1873ರಲ್ಲಿ ಮದ್ರಾಸಿನ ಪ್ರದರ್ಶನದಲ್ಲಿ ಅವರಿಗೆ ಹೆಸರು ತಂದದ್ದು ಮಲ್ಲಿಗೆ ಮುಡಿದ ನಾಯರ್ ಹೆಣ್ಣಿನ ಚಿತ್ರ. ತಮ್ಮ ಸೀಮೆಯ ಉಡುಗೆಯಿಂದ ಹೊರಟವರು ಮುಂದೆ ದೇಶದ ಉಡುಗೆಯನ್ನೇ ಅಭ್ಯಾಸ ಮಾಡಿದರು. ಬರೋಡಾದ ಸಯಾಜಿರಾವ್ ಗಾಯಕವಾಡರು ಹದಿನಾಲ್ಕು ಪುರಾಣ ಚಿತ್ರಗಳನ್ನು ಬರೆಯಲು ಕೇಳಿದಾಗ, ತಮ್ಮ ಸಿ. ರಾಜರಾಜ ವರ್ಮರೊಂದಿಗೆ ಉತ್ತರ ಭಾರತ ಸುತ್ತಿದರು. ಸೀತೆ, ದಮಯಂತಿಯರು ಏನು ಉಟ್ಟಿದ್ದರೆಂದು ಯಾರು ಹೇಳಬಲ್ಲರು? ಕೊನೆಗೆ ತಮ್ಮ ಕಾಲದ ಹೆಂಗಸರು ಉಡುತ್ತಿದ್ದ ಸೀರೆಯನ್ನೇ ಪುರಾಣದ ಹೆಣ್ಣುಗಳಿಗೂ ಉಡಿಸಿದರು. 1893ರಲ್ಲಿ ಷಿಕಾಗೋ ವಿಶ್ವ ಪ್ರದರ್ಶನಕ್ಕೆ ಕಳಿಸಿದ ಹತ್ತು ಚಿತ್ರಗಳಲ್ಲೂ ಈ ನಾಡಿನ ಹೆಂಗಸರ ಬದುಕು, ಬಟ್ಟೆಬರೆಗಳೇ ಎದ್ದು ಕಾಣುತ್ತವೆ.

ಅರಮನೆಯ ಗೋಡೆಯ ಚಿತ್ರ ಬಡವರ ಮನೆಗೂ ಬಂದದ್ದು 1894ರಲ್ಲಿ ಮುಂಬಯಿಯಲ್ಲಿ ಅವರು ಅಚ್ಚುಕೂಟ ತೆರೆದ ಮೇಲೆ. ಲಕ್ಷ್ಮಿ, ಸರಸ್ವತಿಯರ ಪಟಗಳು ದೇವರ ಕೋಣೆ, ಅಂಗಡಿಗಳಿಗೆ ಹಬ್ಬಿದವು. ದೇವಸ್ಥಾನದ ಒಳಗೆ ಹೋಗಲು ಬಿಡದಿದ್ದ ಜನರ ಮನೆಗೂ ದೇವರ ಮುಖ ಬಂತು. ಹಣಕಾಸಿನಲ್ಲಿ ಮಾತ್ರ ಅಚ್ಚುಕೂಟ ಕೈಹತ್ತಲಿಲ್ಲ. ಲೋನಾವಳದ ಹತ್ತಿರದ ಮಳವಲಿಗೆ ಅದನ್ನು ಸಾಗಿಸಿ, ಕಡೆಗೆ ಜರ್ಮನಿಯ ಫ್ರಿಟ್ಜ್ ಶ್ಲೈಕರ್‌ಗೆ ಮಾರಬೇಕಾಯಿತು. ಕೊನೆಯ ವರ್ಷಗಳಲ್ಲಿ ಮೈಸೂರಿನ ನಾಲ್ವಡಿ ಕೃಷ್ಣರಾಜ ಒಡೆಯರಿಗಾಗಿ ಪುರಾಣ ಚಿತ್ರಗಳನ್ನು ಬರೆದರು. 1905ರಲ್ಲಿ ಜೊತೆಗಾರನಾಗಿದ್ದ ತಮ್ಮ ತೀರಿಕೊಂಡರು. ಮರುವರ್ಷ ಅಕ್ಟೋಬರ್ 2ರಂದು ಕಿಳಿಮಾನೂರಿನಲ್ಲಿ ರವಿವರ್ಮರೂ ಕಣ್ಮುಚ್ಚಿದರು.

ಅವರ ಪಟಗಳಿಂದ ಆದದ್ದು ಎರಡು ಬಗೆ. ದೇವಿ ಎಂದರೆ ಹೀಗೇ ಸೀರೆ ಉಟ್ಟವಳು ಎಂಬ ಒಂದೇ ರೂಪ ದೇಶದ ಮನಸ್ಸಿನಲ್ಲಿ ನಿಂತಿತು. ಆ ಒಂದು ರೂಪದ ಬೆಳಕಿನಲ್ಲಿ ಹಲವು ಸೀಮೆಗಳ ಉಡುವ ಕ್ರಮ ಮಂಕಾಯಿತೇ ಎಂದು ಕೇಳುವವರಿದ್ದಾರೆ. ಆದರೆ ಹನ್ನೊಂದು ಹೆಂಗಸರನ್ನು ಅವರವರ ಉಡುಗೆಯಲ್ಲೇ ಕೂರಿಸಿ ಬರೆದ ಕೈಯೂ ಅದೇ.

ಗಡಿಯಲ್ಲಿರುವ ನಮಗೆ ಇದು ದೂರದ ಮಾತಲ್ಲ. ಸೊಲ್ಲಾಪುರ, ಅಕ್ಕಲಕೋಟೆಯ ಅಜ್ಜಿಯರ ಇಳಕಲ್ ಸೀರೆ, ನೀಲಗಿರಿಯ ಬಡಗ ತಾಯಂದಿರ ಬಿಳಿಯ ಮುಂಡು ನಮ್ಮ ಕಣ್ಣೆದುರೇ ಅಪರೂಪವಾಗುತ್ತಿವೆ. ಉಡುವ ಕ್ರಮ ಗೊತ್ತಿರುವ ಹಿರಿಯರು ಮನೆಯಲ್ಲಿದ್ದರೆ, ಹೆಣ್ಣುಮಕ್ಕಳು ಅವರ ಬಳಿ ಕೂತು ಒಮ್ಮೆ ಕಲಿತುಕೊಳ್ಳಲಿ. ಒಂದು ಫೋಟೋ ತೆಗೆದು, ಆ ಉಡುಗೆಯ ಹೆಸರನ್ನೂ ಊರನ್ನೂ ಬರೆದಿಡಲಿ. ಮೈಸೂರಿಗೆ ಹೋಗುವವರು ಚಿತ್ರಶಾಲೆ ತೆರೆದಿರುವ ವೇಳೆಯನ್ನು ಮೊದಲೇ ವಿಚಾರಿಸಿ, ಆ ಹನ್ನೊಂದು ಮಂದಿಯ ಮುಂದೆ ಸ್ವಲ್ಪ ಹೊತ್ತು ನಿಂತು ಬನ್ನಿ.